ಸೊನ್ನೆ ರೂಪಾಯಿಯ ಸೀಟು, ಎರಡು ಸಾವಿರದ ಬರ್ತು, ಕಡೆಯ ಆರು ಕಿಲೋಮೀಟರು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಈ ಚಟ ಮನೆಗೂ ಅಂಟಿಕೊಂಡು ಬಂದಿದೆ. ಊರಿಗೆ ಹೋಗಿ ಬಂದ ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ತಾರೀಖು, ಯಾವ ಬಸ್ಸು, ಕೊಟ್ಟ ದುಡ್ಡು, ಹೊರಟ ಗಂಟೆ, ಇಳಿದ ಗಂಟೆ. ಕಡೆಯಲ್ಲಿ ಒಂದು ಸಣ್ಣ ಕಾಲಂ, 'ಜಯಪುರದಿಂದ ಮನೆಗೆ' ಅಂತ. ನಮ್ಮ ಮನೆ ಕೊಪ್ಪ ತಾಲೂಕಿನ ಜಯಪುರದಿಂದ ಆರು ಕಿಲೋಮೀಟರ್ ಒಳಗೆ. ಅಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಒಂದೂಕಾಲು ಎಕರೆ ಅಡಿಕೆ ತೋಟ, ಒಂದು ದನ, ನೋಯುವ ಎರಡು ಮಂಡಿ. ವರ್ಷಕ್ಕೆ ಹತ್ತು ಹನ್ನೆರಡು ಸಲ ಹೋಗುತ್ತೇನೆ.

ಬೆಂಗಳೂರಿನಲ್ಲಿ ಮಲೆನಾಡಿನವರು ಇಬ್ಬರು ಸಿಕ್ಕಿದರೆ ಮೊದಲು ಮಳೆ ವಿಚಾರ, ಆಮೇಲೆ ಅಡಿಕೆ ರೇಟು, ಆಮೇಲೆ "ನೀವು ಯಾವ ಬಸ್ಸಿಗೆ ಹೋಗ್ತೀರಿ?" ಈ ಮೂರನೇ ಪ್ರಶ್ನೆಗೆ ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸರ್ಕಾರಿ ಕೆಂಪು ಬಸ್ಸು, ಖಾಸಗಿ ಸ್ಲೀಪರು, ಈಗ ಓಡದ ಇನ್ನೊಂದು ಬಸ್ಸು. ಓಡದ ಬಸ್ಸಿಗೆ ಎಂಥ ವಿಮರ್ಶೆ ಅಂತೀರಾ? ಅದಿಲ್ಲದೆ ಉಳಿದೆರಡರ ಲೆಕ್ಕ ಸರಿಹೋಗುವುದಿಲ್ಲ. ಸ್ವಲ್ಪ ತಾಳಿ.

ಮೊದಲು ಕೆಂಪು ಬಸ್ಸು. ರಾತ್ರಿ ಒಂಬತ್ತೂವರೆ ಸುಮಾರಿಗೆ ಮೆಜೆಸ್ಟಿಕ್ ಬಿಡುತ್ತದೆ. ಹಾಸನ, ಬೇಲೂರು, ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು ದಾಟಿ ಬೆಳಗಿನ ಜಾವ ಐದರ ಹೊತ್ತಿಗೆ ಜಯಪುರ. ನನಗೆ ಟಿಕೆಟ್ ಸೊನ್ನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಉಚಿತ. ರಾಜಹಂಸಕ್ಕೆ, ಐರಾವತಕ್ಕೆ, ಸ್ಲೀಪರಿಗೆ ಇಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ.

ಮೊದಲ ಸಲ ಆ ಚೀಟಿ ಕೈಗೆ ಬಂದಾಗ ನನಗೆ ಖುಷಿಗಿಂತ ಜಾಸ್ತಿ ಪೇಚಾಟ. ನೋಟ್‌ಬುಕ್ಕಿನ ದುಡ್ಡಿನ ಕಾಲಂನಲ್ಲಿ 0 ಬರೆಯಲು ಕೈ ಬರಲಿಲ್ಲ. ಯಾರೂ ಕೊಡದ ದುಡ್ಡು ಅಂತ ಎಲ್ಲೂ ಇರುವುದಿಲ್ಲ, ಇನ್ಯಾವುದೋ ಪುಟದಲ್ಲಿ ಬಿದ್ದಿರುತ್ತದೆ. ನನ್ನ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡಬೇಕು. ಸರ್ಕಾರಕ್ಕೆ ನಾನು ಸೋಪಿನಲ್ಲಿ, ಸ್ಕೂಟರಿನ ಪೆಟ್ರೋಲಿನಲ್ಲಿ, ಹೋಟೆಲ್ ಬಿಲ್ಲಿನಲ್ಲಿ ಕೊಡುತ್ತಲೇ ಇರುತ್ತೇನೆ. ಯೋಚನೆ ಮಾಡಿ ಕಡೆಗೆ 0 ಎಂದು ಬರೆದು ಪಕ್ಕದಲ್ಲಿ 'ಬೇರೆ ಖಾತೆ' ಎಂದು ಸೇರಿಸಿದೆ. ಇವತ್ತಿಗೂ ಹಾಗೇ ಬರೆಯುತ್ತೇನೆ.

ಸೀಟಿನ ವಿಷಯಕ್ಕೆ ಬರೋಣ. ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಹಿಂದಕ್ಕೆ ಬಾಗುವುದಿಲ್ಲ. ನನ್ನ ಎತ್ತರ ಐದಡಿ ಎರಡಂಗುಲ, ಹಾಗಾಗಿ ಮಂಡಿ ತಾಗುವುದಿಲ್ಲ. ಉದ್ದ ಇರುವವರ ಪಾಡು ದೇವರಿಗೇ ಪ್ರೀತಿ. ಕಿಟಕಿಯ ಗಾಜು ಹಾಸನದವರೆಗೆ ತೆಗೆಯಲು ಬರುವುದಿಲ್ಲ, ಚಿಕ್ಕಮಗಳೂರು ದಾಟಿದ ಮೇಲೆ ಮುಚ್ಚಲು ಬರುವುದಿಲ್ಲ. ಡಿಸೆಂಬರಿನಲ್ಲಿ ಆಲ್ದೂರಿನ ಗಾಳಿಗೆ ಕಿವಿ ಕಿತ್ತು ಬರುತ್ತದೆ. ಮಫ್ಲರ್ ಮರೆಯಬೇಡಿ. ನಿದ್ದೆ? ಕಂತಿನಲ್ಲಿ ಬರುತ್ತದೆ.

ಒಂದು ಸಲದ ಮಾತು, ಯಾವ ಡಿಪೋದ ಬಸ್ಸು ಅಂತ ಹೇಳಲ್ಲ. ಜೂನ್ ತಿಂಗಳು. ಬೇಲೂರಿನ ಹತ್ತಿರ ಮೇಲಿನಿಂದ ತೊಟ್ಟಿಕ್ಕಲು ಶುರುವಾಯಿತು. ಸರಿಯಾಗಿ ನನ್ನ ಎಡ ಭುಜದ ಮೇಲೆ. ಎದ್ದು ಹೋಗಿ ಕಂಡಕ್ಟರಿಗೆ ಹೇಳಿದೆ. ಅವರು ಮುಖ ಎತ್ತದೆ, "ಏನಮ್ಮ, ದುಡ್ಡು ಕೊಟ್ಟು ಕೂತಿದೀರಾ?" ಅಂದರು. ಹಿಂದಿನ ಸೀಟಿನ ಇಬ್ಬರು ಗಂಡಸರು ನಕ್ಕರು. ನಾನು ಸುಮ್ನೆ ವಾಪಸ್ ಬಂದು ಛತ್ರಿ ಬಿಚ್ಚಿ ಕೂತೆ. ಬಸ್ಸಿನೊಳಗೆ ಛತ್ರಿ! "ಕೊಟ್ಟಿದೀನಿ ಸ್ವಾಮಿ, ಬೇರೆ ಖಾತೆಯಿಂದ" ಎಂಬ ಉತ್ತರ ನನಗೆ ಹೊಳೆದದ್ದು ಚಿಕ್ಕಮಗಳೂರು ದಾಟಿದ ಮೇಲೆ. ನನ್ನ ಒಳ್ಳೆಯ ಉತ್ತರಗಳೆಲ್ಲ ಒಂದು ಸ್ಟಾಪು ತಡವಾಗಿಯೇ ಬರುತ್ತವೆ.

ಉಚಿತ ಎಂಬುದರಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದು. ದುಡ್ಡು ಎಣಿಸಿ ಕೊಟ್ಟವನಿಗೆ ಬೈಯುವ ಹಕ್ಕು ಬರುತ್ತದೆ. ಸೊನ್ನೆ ಚೀಟಿ ಹಿಡಿದವಳಿಗೆ ಬರುವುದಿಲ್ಲ. ಕಾನೂನಿನಲ್ಲಿ ಬರುತ್ತದೆ, ಬಸ್ಸಿನಲ್ಲಿ ಬರುವುದಿಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು. ಶಕ್ತಿ ಬರುವ ಮೊದಲು ಇದೇ ರಾತ್ರಿ ಬಸ್ಸಿನಲ್ಲಿ ಹೆಂಗಸರು ಎಂದರೆ ನನ್ನಂಥ ಕೆಲಸದವರು, ಕಾಲೇಜಿನ ಹುಡುಗಿಯರು, ಗಂಡನ ಜೊತೆ ಹೊರಟವರು. ಈಗ ನೋಡಿ. ಕಾಫಿ ತೋಟದ ಕೆಲಸಕ್ಕೆ ಹೋಗುವ ಮೂವರು ಹೆಂಗಸರು ಮಗಳ ಬಾಣಂತನಕ್ಕೆ ಹೋಗಿ ಬರುತ್ತಿದ್ದರು. ಒಬ್ಬ ಅಜ್ಜಿ ಮಿಂಟೋ ಆಸ್ಪತ್ರೆಗೆ ಕಣ್ಣು ತೋರಿಸಲು ಒಬ್ಬಳೇ ಬಂದು ಒಬ್ಬಳೇ ವಾಪಸ್ ಹೊರಟಿದ್ದಳು. "ಮಗನ್ನ ಕೇಳದು ಬ್ಯಾಡ ಅಂತ ನಾನೇ ಬಂದೆ" ಅಂದಳು. ಅಜ್ಜಿಗೆ ಮಗನ ಹತ್ತಿರ ಐನೂರು ಐನೂರು ಕೇಳುವುದು ತಪ್ಪಿತು. ಇದನ್ನು ನನ್ನ ನೋಟ್‌ಬುಕ್ಕಿನ ಯಾವ ಕಾಲಂನಲ್ಲಿ ಬರೆಯಲಿ?

ಮತ್ತೆ ಜುಲೈ ತಿಂಗಳಿನ ಬಸ್ಸು. ಆಲ್ದೂರು ದಾಟಿ ಸ್ವಲ್ಪ ದೂರ, ರಸ್ತೆಗೆ ಅಡ್ಡ ಮರ. ಬೆಳಗಿನ ಜಾವ ಮೂರೂವರೆ, ಧೋ ಎನ್ನುವ ಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಡ್ರೈವರು ಸೀಟಿನ ಕೆಳಗಿನಿಂದ ಒಂದು ಕತ್ತಿ ತೆಗೆದರು. ಅದು ಅಲ್ಲಿ ಏಕೆ ಇತ್ತು ಎಂದು ಘಟ್ಟದವರು ಯಾರೂ ಕೇಳುವುದಿಲ್ಲ. ಆರೇಳು ಜನ ಇಳಿದು ಕೊಂಬೆ ಕಡಿದು, ಒಂದೂಕಾಲು ಗಂಟೆಯ ಮೇಲೆ ಬಸ್ಸು ಹೊರಟಿತು. ಆ ದಿನ ಬಸ್ಸಿನಲ್ಲಿ ಎಣಿಸಿ ಹದಿಮೂರು ಜನ. ಹದಿಮೂರು ಜನರಿಗೆ ಬಸ್ಸು ಹೊರಟಿದ್ದೇ ನನಗೆ ದೊಡ್ಡ ಸಂಗತಿ. ಯಾಕೆ ಅಂತ ಈಗ ಹೇಳುತ್ತೇನೆ.

ಖಾಸಗಿ ಸ್ಲೀಪರು. ಟ್ರಾವೆಲ್ಸಿನ ಹೆಸರು ಹೇಳಲ್ಲ. ಹೊಗಳುವುದನ್ನು ಮೊದಲು ಹೊಗಳಿಬಿಡುತ್ತೇನೆ. ಮಾಮೂಲಿ ಬುಧವಾರ 750 ರೂಪಾಯಿ. ಗೊರಗುಂಟೆಪಾಳ್ಯದಲ್ಲೇ ಹತ್ತಬಹುದು, ನನ್ನ ಆಫೀಸಿನಿಂದ ಹತ್ತು ನಿಮಿಷ. ಮೆಜೆಸ್ಟಿಕ್ಕಿಗೆ ಹೋಗಿ ಪ್ಲಾಟ್‌ಫಾರಂ ಹುಡುಕುವ ರಗಳೆ ಇಲ್ಲ. ಬಸ್ಸು ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದೆ. ಪಕ್ಕದ ಬರ್ತ್ ಹೆಂಗಸಿನದೋ ಗಂಡಸಿನದೋ ಅಂತ ಬುಕ್ ಮಾಡುವಾಗಲೇ ತಿಳಿಯುತ್ತದೆ. ಒಗೆದ ಬೆಡ್‌ಶೀಟು, ಚಾರ್ಜ್ ಹಾಕಲು ಪಾಯಿಂಟು, ಓದಲು ಸಣ್ಣ ದೀಪ. ಕ್ಲೀನರ್ ಹುಡುಗ "ಕೊಡಿ ಮೇಡಂ" ಅಂತ ಬ್ಯಾಗು ಇಸಕೊಳ್ಳುತ್ತಾನೆ. ಕಾಲು ಚಾಚಿ ಮಲಗಿದರೆ ಬಾಳೆಹೊನ್ನೂರಿನವರೆಗೆ ಎಚ್ಚರವಿಲ್ಲ. ಈ ಬೆನ್ನಿಗೆ ನಲವತ್ತಾರು ವರ್ಷ. ಬೆನ್ನನ್ನು ಕೇಳಿದರೆ ಐದಕ್ಕೆ ಐದು ಸ್ಟಾರು ಕೊಡುತ್ತದೆ.

ಬಸ್ಸಿನ ನಂಬರ್ ಪ್ಲೇಟು ಮಾತ್ರ ನಾಗಾಲ್ಯಾಂಡಿನದು. ಅದು ಹುಟ್ಟಿದಾಗಿನಿಂದ ನಾಗಾಲ್ಯಾಂಡ್ ಕಂಡಿರಲಾರದು. ಅಲ್ಲಿ ತೆರಿಗೆ ಕಡಿಮೆ, ಹಾಗಾಗಿ ಹೆಸರು ಅಲ್ಲಿಯದು, ದುಡಿಮೆ ಇಲ್ಲಿಯದು.

ಇನ್ನು ಅದರ ಬೇರೆ ಮುಖ. 2025ರ ದೀಪಾವಳಿ. ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ನೋಡಿದೆ, 1,150. ರಜೆ ಖಾತ್ರಿಯಾಗಲಿ ಅಂತ ಕಾದೆ. ಎರಡು ದಿನ ಬಿಟ್ಟು 1,600. ನಮ್ಮ ಯಜಮಾನರು ರಜೆಗೆ ಸಹಿ ಹಾಕಿದ ದಿನ 2,150. ಅದೇ ಬಸ್ಸು, ಅದೇ ಬರ್ತು, ಅದೇ ಬೆಡ್‌ಶೀಟು. ಕೆಂಪು ಬಸ್ಸಿನಲ್ಲಿ ಹಬ್ಬದ ಹಿಂದಿನ ರಾತ್ರಿ ಹಾಸನದವರೆಗೂ ನಿಂತೇ ಹೋಗಬೇಕು ಅಂತ ಗೊತ್ತಿತ್ತು. ಹಲ್ಲು ಕಚ್ಚಿ ಕೊಟ್ಟೆ. ನಮ್ಮ ಆಫೀಸಿನ ಹೆಲ್ಪರ್ ಹುಡುಗ ಬಾಳೆಹೊನ್ನೂರು ಕಡೆಯವನು. ಅವನು ಆ ಸಲ ಊರಿಗೆ ಹೋಗಲೇ ಇಲ್ಲ. ಹಬ್ಬದ ದಿನ ಪೀಣ್ಯದಲ್ಲೇ ಓವರ್‌ಟೈಂ ಮಾಡಿದ.

ಈ 2,150ರ ವಿಷಯ ಎತ್ತಿದ್ದಕ್ಕೆ ಹಬ್ಬದ ಊಟದ ಹೊತ್ತಿಗೆ ದೊಡ್ಡ ಚರ್ಚೆಯೇ ಆಯಿತು. ನಮ್ಮ ಭಾವ ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಸರ್ಕಾರ ಅಂದರೆ ಅವರಿಗೆ ಜಿಎಸ್‌ಟಿ ನೋಟಿಸು ಒಂದೇ.

"ನೋಡು ಮಾರಾಯ್ತಿ, ಹಬ್ಬಕ್ಕೆ ಬರುವಾಗ ಬಸ್ಸು ಫುಲ್ಲು. ಅದೇ ಬಸ್ಸು ರಾತ್ರೆ ವಾಪಸ್ ಹೋಗುವಾಗ ಯಾರುಂಟು? ಖಾಲಿ. ಎರಡು ಟ್ರಿಪ್ಪಿನ ಡೀಸೆಲ್ಲು ಒಂದೇ ಟ್ರಿಪ್ಪಿನಲ್ಲಿ ಹುಟ್ಟಬೇಕು. ಅದು ಲೂಟಿ ಅಲ್ಲ, ಲೆಕ್ಕ. ನೀನೇ ಲೆಕ್ಕ ಬರೆಯುವವಳು, ನಿನಗೆ ನಾನು ಹೇಳಬೇಕಾ?"

ಮಾತು ಸರಿ ಇತ್ತು. ಇನ್ನೊಂದೂ ಹೇಳಿದರು. ರೇಟು ಏರಿದ್ದಕ್ಕೇ ಎಲ್ಲೆಲ್ಲಿಯದೋ ಮದುವೆ ದಿಬ್ಬಣದ ಬಸ್ಸುಗಳೆಲ್ಲ ಆ ವಾರ ನಮ್ಮ ರಸ್ತೆಗೆ ಬರುತ್ತವೆ, 750ಕ್ಕೆ ಅಂದಿದ್ದರೆ ಒಂದೂ ಬರುತ್ತಿರಲಿಲ್ಲ ಅಂತ. ಅದೂ ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ.

"ಕೆಂಪು ಬಸ್ಸೂ ಹಬ್ಬಕ್ಕೆ ಸ್ಪೆಷಲ್ ಬಿಡ್ತದೆ, ಅದೂ ಖಾಲಿ ವಾಪಸ್ ಹೋಗ್ತದಲ್ಲ ಭಾವ?" ಅಂದೆ.

"ಹೋಗ್ತದೆ. ಅದು ನಮ್ಮ ದುಡ್ಡಿನಲ್ಲಿ."

"ಸ್ಲೀಪರು?"

"ಅದು ನಿನ್ನ ದುಡ್ಡಿನಲ್ಲಿ" ಅಂದು ಜೋರಾಗಿ ನಕ್ಕರು. ಅಕ್ಕ ಇಬ್ಬರಿಗೂ ಇನ್ನೊಂದು ಸೌಟು ಪಾಯಸ ಹಾಕಿ ಬಾಯಿ ಮುಚ್ಚಿಸಿದಳು.

ಜುಲೈ ತಿಂಗಳಿನ ಕಥೆ ಭಾವನ ಹತ್ತಿರ ಹೇಳಲು ಮರೆತೇಹೋಯಿತು. ಅದು ಹಬ್ಬದ ತಲೆಕೆಳಗು. ಅಮ್ಮನಿಗೆ ಮಂಡಿ ಡಾಕ್ಟರ ಹತ್ತಿರ ದಿನ ಗೊತ್ತಾಗಿತ್ತು. ಸ್ಲೀಪರ್ ಬುಕ್ ಮಾಡಿದ್ದೆ. ಸಂಜೆ ಆರು ನಲವತ್ತಕ್ಕೆ ಮೆಸೇಜು: ಅನಿವಾರ್ಯ ಕಾರಣದಿಂದ ಇವತ್ತಿನ ಟ್ರಿಪ್ ರದ್ದು. ಫೋನ್ ಮಾಡಿದೆ. ಆ ಕಡೆಯ ಹುಡುಗ ಪಾಪ ಸುಳ್ಳು ಹೇಳಲಿಲ್ಲ. "ಮೇಡಂ, ಏಳೇ ಸೀಟು ಬುಕ್ಕಾಗಿರೋದು." ಏಳು ಸೀಟಿಗೆ ಬಸ್ಸು ಓಡಿಸಿದರೆ ಡೀಸೆಲ್ಲಿಗೂ ಸಾಲದು. ನಾನು ಆ ಕಂಪನಿಯ ಲೆಕ್ಕ ಬರೆಯುತ್ತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ದುಡ್ಡು ಒಂಬತ್ತನೇ ದಿನಕ್ಕೆ ವಾಪಸ್ ಬಂತು, ಪೂರ್ತಿ. ಆದರೆ ಅಮ್ಮನಿಗೆ ಒಂಬತ್ತು ದಿನ ಬಿಟ್ಟು ಬಸ್ಸು ಬೇಕಾಗಿರಲಿಲ್ಲ. ಆಟೋ ಹಿಡಿದು ಮೆಜೆಸ್ಟಿಕ್ಕಿಗೆ ಓಡಿದೆ. ಹದಿಮೂರು ಜನ, ಅಡ್ಡ ಮರ, ಡ್ರೈವರ ಕತ್ತಿ, ಎಲ್ಲ ಅದೇ ರಾತ್ರಿಯದು. ಸ್ಲೀಪರಿಗೆ ಏಳು ಜನ ಸಾಲಲಿಲ್ಲ. ಕೆಂಪು ಬಸ್ಸಿಗೆ ಹದಿಮೂರು ಜನ ಸಾಕಾಯಿತು ಅಂತಲ್ಲ, ಅದಕ್ಕೆ ಎಷ್ಟು ಜನ ಎಂಬ ಪ್ರಶ್ನೆಯೇ ಇರಲಿಲ್ಲ.

ಒಂದು ಎಚ್ಚರಿಕೆ. ಸ್ಲೀಪರ್ ಹತ್ತಿದ ತಕ್ಷಣ ತುರ್ತು ಬಾಗಿಲು ಎಲ್ಲಿ, ಗಾಜು ಒಡೆಯುವ ಸುತ್ತಿಗೆ ಎಲ್ಲಿ ಎಂದು ನೋಡಿಕೊಳ್ಳಿ. 2013ರಲ್ಲಿ ಈಗಿನ ತೆಲಂಗಾಣದ ಪಾಲೆಂ ಬಳಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸಿಗೆ ಬೆಂಕಿ ಬಿದ್ದು 45 ಜನ ಹೋದರು. 2025ರಲ್ಲಿ, ನಾನು ದೀಪಾವಳಿ ಮುಗಿಸಿ ಬಂದ ಅದೇ ವಾರ, ಕರ್ನೂಲಿನ ಹತ್ತಿರ ಒಂದು ಸ್ಲೀಪರಿಗೆ ಬೆಂಕಿ. ಅಲ್ಲೂ ಮಲಗಿದ್ದಲ್ಲೇ ಹೋದವರಿದ್ದರು. ನನ್ನ ಬಸ್ಸಿನಲ್ಲಿ ಸುತ್ತಿಗೆಯ ಜಾಗದಲ್ಲಿ ಬರೀ ಕೊಕ್ಕೆ ಇತ್ತು. ಕ್ಲೀನರ್ ಹುಡುಗನನ್ನು ಕೇಳಿದೆ. "ಕದ್ದುಬಿಡ್ತಾರೆ ಮೇಡಂ" ಅಂದ. ಬಸ್ಸು ಯಾರದೇ ಇರಲಿ, ಸುತ್ತಿಗೆ ಇದೆಯೋ ಇಲ್ಲವೋ ನೋಡಿ ಬಿಡುವವರು ಒಬ್ಬರು ಬೇಕು. ಅದನ್ನು ಮಾರುಕಟ್ಟೆ ಮಾಡುವುದಿಲ್ಲ. ನಾನಂತೂ ಬುಕ್ ಮಾಡುವಾಗ ಬೆಡ್‌ಶೀಟಿನ ಫೋಟೋ ನೋಡಿದ್ದೆ, ಸುತ್ತಿಗೆಯ ಫೋಟೋ ಹುಡುಕಿರಲಿಲ್ಲ.

ಒಂದೇ ರಸ್ತೆಯಲ್ಲಿ ಒಬ್ಬರ ರೇಟು ಕದಲುವುದಿಲ್ಲ, ಇನ್ನೊಬ್ಬರದು ದಿನಕ್ಕೊಂದು. ಇದು ಹೇಗೆ ಅಂತ ನನಗೆ ಬಿಡಿಸಿ ಹೇಳಿದವರು ನಮ್ಮ ಚಿಕ್ಕಪ್ಪ. ಜೀವಮಾನವೆಲ್ಲ ಬಸ್ಸಿನ ಮೆಟ್ಟಿಲ ಮೇಲೆ ಕಳೆದವರು. ಅವರು ಹೇಳುವ ಪ್ರಕಾರ ಬಸ್ಸಿನಲ್ಲಿ ಎರಡು ಜಾತಿ. ದಾರಿಯುದ್ದಕ್ಕೂ ಜನ ಹತ್ತಿಸಿ ಇಳಿಸಿ, ಒಬ್ಬೊಬ್ಬರಿಗೂ ಟಿಕೆಟ್ ಹರಿಯುವುದು ಒಂದು. ಅದರ ರೇಟು ಸರ್ಕಾರವೇ ಕಟ್ಟುತ್ತದೆ, ಬಸ್ಸು ಖಾಸಗಿಯದಾದರೂ ಸೈ. ಇನ್ನೊಂದು ಕಾಂಟ್ರಾಕ್ಟು, ಟೂರಿಸ್ಟು. ಪಾರ್ಟಿಯನ್ನು ಒಟ್ಟಿಗೆ ಹತ್ತಿಸಿ ಒಟ್ಟಿಗೆ ಇಳಿಸಬೇಕಾದ್ದು. ರಾತ್ರಿ ಸ್ಲೀಪರುಗಳೆಲ್ಲ ಕಾಗದದಲ್ಲಿ ಈ ಎರಡನೇ ಜಾತಿ. ಗೊರಗುಂಟೆಪಾಳ್ಯದಲ್ಲಿ ನಾನು, ನೆಲಮಂಗಲದಲ್ಲಿ ಇನ್ನೊಬ್ಬರು ಹತ್ತಿದರೂ ನಾವೆಲ್ಲ ಒಂದೇ ದಿಬ್ಬಣದವರು! ಪ್ರತಿ ಹಬ್ಬಕ್ಕೂ ಸಾರಿಗೆ ಇಲಾಖೆಯವರು ಜಾಸ್ತಿ ರೇಟು ತಗೊಂಡರೆ ಹುಷಾರ್ ಅನ್ನುತ್ತಾರೆ. ಹಬ್ಬ ಮುಗಿಯುತ್ತದೆ.

ಇದಕ್ಕೆ ಹಳೆಯ ಕಥೆ ಇದೆ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸು ಇಟ್ಟುಕೊಂಡು ತಾನೇ ಸಾರಿಗೆಗೆ ಇಳಿಯಿತು. 1961ರಲ್ಲಿ ಅದು ನಿಗಮವಾಯಿತು. 1976ರಲ್ಲಿ ಕಾಯ್ದೆ ತಂದು ಖಾಸಗಿಯವರ ಕಾಂಟ್ರಾಕ್ಟ್ ಬಸ್ಸುಗಳನ್ನೆಲ್ಲ ಸರ್ಕಾರ ವಶಕ್ಕೆ ತಗೊಂಡಿತು. ಕೋರ್ಟಿಗೆ ಹೋದರು. 1977ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ್ದೇ ಸರಿ ಎಂದಿತು. 2003ರಲ್ಲಿ ಅದೇ ಕಾಯ್ದೆಯನ್ನು ಸರ್ಕಾರವೇ ರದ್ದು ಮಾಡಿತು. ಅಪ್ಪ ಬಿತ್ತಿದ್ದನ್ನು ಮಗ ಕಿತ್ತ ಹಾಗೆ. ಕಾಲು ಶತಮಾನದಲ್ಲಿ ಸರ್ಕಾರದ ಮನಸ್ಸೇ ಬದಲಾಗಿತ್ತು. ಇವತ್ತು ನಾನು ಮಲಗಿ ಹೋಗುವುದು ಆ ಬದಲಾವಣೆಯ ಮೇಲೆ.

ಖಾಸಗಿ ಅಂದರೆ ನನಗೆ ಅಲರ್ಜಿ ಅಂದುಕೊಳ್ಳಬೇಡಿ. ಅಕ್ಕನ ಮನೆಗೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚು ಬರುತ್ತದೆ. ಮಂಗಳೂರು–ಉಡುಪಿ ರಸ್ತೆಯಲ್ಲಿ ನಿಂತು ಕೈ ಎತ್ತುವಷ್ಟರಲ್ಲಿ ಬಸ್ಸು. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು. ಎಲ್ಲ ಖಾಸಗಿ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು "ಬನ್ನಿ ಬನ್ನಿ, ಬೇಗ" ಅಂತ ಹತ್ತಿಸಿಕೊಂಡು ಹೋಗುತ್ತಾನೆ. ಬ್ರೇಕ್ ಹಾಕುವ ರೀತಿಗೆ ಕರುಳು ಬಾಯಿಗೆ ಬರುತ್ತದೆ, ಅದು ಬೇರೆ ಮಾತು. ಆ ಕರಾವಳಿಯಲ್ಲಿ ನೂರು ವರ್ಷದ ಹಿಂದಿನಿಂದ ಖಾಸಗಿಯವರೇ ಬಸ್ಸು ಓಡಿಸಿದ್ದು. ಊರಿಗೆ ಊರು ಅಂಟಿಕೊಂಡಿದೆ, ಬೆಳಗಿನಿಂದ ರಾತ್ರಿವರೆಗೆ ಜನ ಇದ್ದಾರೆ. ಅಲ್ಲಿ ಪೈಪೋಟಿ ಕೆಲಸ ಮಾಡುತ್ತದೆ. ಶಕ್ತಿ ಬಂದಾಗ ಅಕ್ಕ ಮಾತ್ರ ಗೊಣಗಿದಳು. "ನಮಗೆ ಫ್ರೀ ಹತ್ತಲಿಕ್ಕೆ ಸರ್ಕಾರಿ ಬಸ್ಸೇ ಇಲ್ಲ, ನಿಮಗೆ ಮಾತ್ರ ಲಾಟ್ರಿ."

ಘಟ್ಟದ ಮೇಲೆ ಹಾಗಲ್ಲ. ಒಂದು ಮನೆ, ಒಂದು ಗುಡ್ಡ, ಒಂದು ಹಳ್ಳ, ಆಮೇಲೆ ಇನ್ನೊಂದು ಮನೆ. ಬೆಳಿಗ್ಗೆ ಶಾಲೆ ಕಾಲೇಜಿನ ಮಕ್ಕಳು, ಸಂಜೆ ಅದೇ ಮಕ್ಕಳು, ಸಂತೆಯ ದಿನ ಸ್ವಲ್ಪ ಜನ. ಮಧ್ಯಾಹ್ನ ಬಸ್ಸಿನಲ್ಲಿ ಕಂಡಕ್ಟರು ಮತ್ತು ಒಂದು ಮೂಟೆ. ಇಲ್ಲಿ ಯಾರು ಪೈಪೋಟಿಗೆ ಬರುತ್ತಾರೆ?

ಬಂದಿದ್ದರು. ಅದೇ ನಾನು ಹೇಳಿದ ಓಡದ ಬಸ್ಸು. ಸಹಕಾರ ಸಾರಿಗೆ.

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯವರಿಗೆ ಆ ಹೆಸರು ಹೇಳಿದರೆ ಮುಖ ಬೇರೆಯಾಗುತ್ತದೆ. ಒಂದು ಖಾಸಗಿ ಬಸ್ ಕಂಪನಿ ಕೆಲಸಗಾರರ ಜಗಳದಲ್ಲಿ ಮುಚ್ಚಿಹೋದಾಗ, ಕೆಲಸ ಕಳಕೊಂಡ ಡ್ರೈವರು ಕಂಡಕ್ಟರುಗಳೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸೊಸೈಟಿ ಕಟ್ಟಿದರು. ಆರು ಬಸ್ಸು. ಮಾಲೀಕರು ಅವರೇ, ಆಳುಗಳೂ ಅವರೇ. ಸರ್ಕಾರದ್ದೂ ಅಲ್ಲ, ಸೇಠುಗಳದ್ದೂ ಅಲ್ಲ. ಬೆಳೆದು ಬೆಳೆದು ಎಪ್ಪತ್ತು ಬಸ್ಸು ದಾಟಿತು. ನಮ್ಮ ಚಿಕ್ಕಪ್ಪ ಅದರಲ್ಲಿ ಕಂಡಕ್ಟರು. ಮನೆಯಲ್ಲಿ ಚಿಕ್ಕಮ್ಮ ಅವರನ್ನು ಗೇಲಿ ಮಾಡುತ್ತಿದ್ದಳು: "ಬಂದ್ರು ನೋಡಿ ಬಸ್ಸಿನ ಧಣಿ, ತೋಳಿಗೆ ಬ್ಯಾಗು ಹಾಕ್ಕಂಡು."

ಆ ಬಸ್ಸು ನಮ್ಮ ಮನೆಯ ದಣಪೆಯ, ಅಂದರೆ ಬೇಲಿಯ ಗೇಟಿನ, ಮುಂದೆಯೇ ಹಾದುಹೋಗುತ್ತಿತ್ತು. ಬೆಳಿಗ್ಗೆ ಏಳೂ ಹತ್ತು, ಸಂಜೆ ಆರೂ ಕಾಲು. ನಾನು ಕಾಲೇಜಿಗೆ ಹೋದದ್ದು ಅದರಲ್ಲೇ, ಅರ್ಧ ದರದ ಪಾಸಿನಲ್ಲಿ. ಸೀಟಿನ ಸ್ಪಂಜು ಹೊರಗೆ ಬಂದಿರುತ್ತಿತ್ತು. ಅದನ್ನು ಚಿವುಟಿ ಚಿವುಟಿ ದೊಡ್ಡ ತೂತು ಮಾಡಿದವರು ನಾವೇ. ಒಂದು ದಿನ ನಾನು ನಿಲ್ಲುವ ಜಾಗದಲ್ಲಿ ಇಲ್ಲದಿದ್ದರೆ ಡ್ರೈವರು ಎರಡು ಸಲ ಹಾರನ್ ಹೊಡೆದು ಕಾಯುತ್ತಿದ್ದರು. ಅಮ್ಮ ತೋಟದಿಂದಲೇ "ಇವತ್ತು ಜ್ವರ, ಬರಲ್ಲ" ಅಂತ ಕೂಗಿದರೆ ಬಸ್ಸು ಹೊರಡುತ್ತಿತ್ತು. ಅಮ್ಮ ಬೀಜದ ಅಡಿಕೆ ಚೀಲ, ಬಾಳೆಗೊನೆ, ಒಮ್ಮೆ ನಾಯಿಮರಿಯನ್ನೂ ಆ ಬಸ್ಸಿನಲ್ಲಿ ಕಳಿಸಿದ್ದಾಳೆ. ಜೊತೆಗೆ ಯಾರೂ ಹೋಗಬೇಕಾಗಿರಲಿಲ್ಲ. ಕಂಡಕ್ಟರಿಗೆ ಹೇಳಿದರೆ ಸೈ.

2020ರ ಫೆಬ್ರವರಿಯಲ್ಲಿ ಅದು ನಿಂತಿತು. ಸಾಲ, ಇನ್ಶೂರೆನ್ಸು, ತೆರಿಗೆ, ಎಲ್ಲರ ಮನೆಗೂ ಬಂದ ಬೈಕು, ಹೀಗೆ ಕಾರಣ ಹತ್ತಾರು. ಚಿಕ್ಕಪ್ಪ ಮಾತ್ರ ಎರಡು ಬೆರಳು ತೋರಿಸಿ ಹೇಳುತ್ತಾರೆ. "ಡೀಸೆಲ್ ರೇಟು ಮಾರ್ಕೆಟ್ಟಿಗೆ ಬಿಟ್ರು, ಟಿಕೆಟ್ ರೇಟು ಸರ್ಕಾರದ ಕೈಯಲ್ಲೇ ಇಟ್ಕಂಡ್ರು. ನಡುವೆ ನಾವು." 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. ಆದರೆ ಬಸ್ಸಿನ ದರ ಸರ್ಕಾರ ಹೇಳಿದಾಗಲೇ ಏರಬೇಕು. ಸರ್ಕಾರಿ ಬಸ್ಸಿನ ದರವನ್ನೇ ನೋಡಿ. 2020ರಲ್ಲಿ ಏರಿದ್ದು, ಮತ್ತೆ ಏರಿದ್ದು 2025ರ ಜನವರಿಯಲ್ಲಿ, ಶೇಕಡಾ 15. ನಡುವಿನ ಐದು ವರ್ಷದ ನಷ್ಟವನ್ನು ನಿಗಮವಾದರೆ ಹೇಗೋ ಹೊರುತ್ತದೆ, ಹಿಂದೆ ಸರ್ಕಾರ ಇದೆ. ಸ್ಲೀಪರಿನವರು ದೀಪಾವಳಿಗೆ ಗಿಂಜಿಕೊಳ್ಳುತ್ತಾರೆ. ಸಹಕಾರ ಸಾರಿಗೆಗೆ ದೀಪಾವಳಿಯೂ ಇರಲಿಲ್ಲ, ಬೊಕ್ಕಸವೂ ಇರಲಿಲ್ಲ. ಮೇಲಿಂದ ವಿದ್ಯಾರ್ಥಿಗಳಿಗೆ ಅರ್ಧ ದರ ಬೇರೆ.

ಭಾವನಿಗೆ ಈ ಕಥೆ ಹೇಳಿದಾಗ, "ಅದಕ್ಕೇ ಹೇಳೋದು, ಟಿಕೆಟ್ ರೇಟನ್ನೂ ಬಿಟ್ಟುಬಿಡಬೇಕು" ಅಂದರು. ಚಿಕ್ಕಪ್ಪನಿಗೆ ಹೇಳಿದಾಗ, "ಡೀಸೆಲ್ಲಿಗೆ ಸ್ವಲ್ಪ ಸಬ್ಸಿಡಿ ಕೊಟ್ಟಿದ್ರೆ ಸಾಕಿತ್ತು" ಅಂದರು. ನಾನು ಇಬ್ಬರ ಲೆಕ್ಕವನ್ನೂ ಹಾಕಿ ನೋಡಿದ್ದೇನೆ. ಭಾವ ಹೇಳಿದ ಹಾಗೆ ಮಾಡಿದರೆ ಏಳೂ ಹತ್ತರ ಬಸ್ಸಿಗೆ ಮಕ್ಕಳ ಅಪ್ಪಂದಿರು ಕೊಡಲಾರರು. ಅವರು ಬೈಕಿಗೆ ಹೋಗುತ್ತಾರೆ, ಬಸ್ಸು ನಿಲ್ಲುತ್ತದೆ. ಚಿಕ್ಕಪ್ಪನ ಪ್ರಕಾರ ಬಸ್ಸು ಉಳಿಯುತ್ತಿತ್ತು. ಆದರೆ ವರ್ಷ ವರ್ಷ ಕೊಪ್ಪದಿಂದ ವಿಧಾನಸೌಧಕ್ಕೆ ಫೈಲು ಹಿಡಿದು ಅಲೆಯಬೇಕಿತ್ತು. ಎರಡರಲ್ಲಿ ನಾನು ಆರಿಸುವುದಾದರೆ ಚಿಕ್ಕಪ್ಪನದ್ದೇ. ಅಲೆದಾಟಕ್ಕೆ ಬೇಕಾದರೆ ನಾನೇ ಹೋಗುತ್ತಿದ್ದೆ, ಸೊನ್ನೆ ಟಿಕೆಟ್ಟಿನಲ್ಲಿ.

ಸರಿ, ಸ್ಟಾರು ಕೇಳುವವರಿಗೆ. ಸ್ಲೀಪರಿಗೆ ಮಾಮೂಲಿ ದಿನ ನಾಲ್ಕು, ಹಬ್ಬದಲ್ಲಿ ಎರಡು, ಜುಲೈನಲ್ಲಿ ನಂಬಬೇಡಿ. ಸುತ್ತಿಗೆ ಇಲ್ಲದ ಬಸ್ಸಿಗೆ ಒಂದೂ ಇಲ್ಲ. ಕೆಂಪು ಬಸ್ಸಿಗೆ ಮೂರೂವರೆ. ಅರ್ಧ ಕಳೆದದ್ದು ತೊಟ್ಟಿಕ್ಕಿದ್ದಕ್ಕೆ, ಒಂದು ಕಳೆದದ್ದು "ದುಡ್ಡು ಕೊಟ್ಟು ಕೂತಿದೀರಾ" ಎಂಬ ಮಾತಿಗೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಿದ್ದರೆ ದುಡ್ಡು ಹೋದರೂ ಚಿಂತೆಯಿಲ್ಲ, ಸ್ಲೀಪರಿನ ಕೆಳಗಿನ ಬರ್ತೇ ತಗೊಳ್ಳಿ. ಒಂದು ದಿನವೂ ತಪ್ಪಬಾರದ ಕೆಲಸವಿದ್ದರೆ ಕೆಂಪು ಬಸ್ಸು. ಸಹಕಾರ ಸಾರಿಗೆಗೆ ಎಷ್ಟು ಅಂತ ಕೇಳಬೇಡಿ, ನಾನು ಚಿಕ್ಕಪ್ಪನ ಅಣ್ಣನ ಮಗಳು, ಪಕ್ಷಪಾತಿ.

ಕಳೆದ ಸಲ ಹೋದದ್ದು ಕೆಂಪು ಬಸ್ಸಿನಲ್ಲೇ. ಐದಕ್ಕೆ ಹತ್ತು ನಿಮಿಷ ಇರುವಾಗ ಜಯಪುರದಲ್ಲಿ ಇಳಿದೆ. ಮಂಜು. ಅಂಗಡಿಗಳೆಲ್ಲ ಮುಚ್ಚಿದ್ದವು. ನಮ್ಮ ಊರಿನ ಕಡೆಗೆ ಈಗ ಮೊದಲ ಬಸ್ಸು ಬರುವುದು ಒಂಬತ್ತರ ಮೇಲೆ, ಅದೂ ಒಂದೊಂದು ದಿನ ಇಲ್ಲ. ಒಂದೇ ಒಂದು ಆಟೋ ನಿಂತಿತ್ತು. ಒಳಗೆ ಶಾಲು ಹೊದ್ದು ಮಲಗಿದ್ದವನನ್ನು ಎಬ್ಬಿಸಿದೆ. ಗುರುತು ಸಿಕ್ಕಿತು. ಸಹಕಾರ ಸಾರಿಗೆಯಲ್ಲಿ ಕ್ಲೀನರ್ ಆಗಿದ್ದ ಹುಡುಗ. ಈಗ ಹುಡುಗ ಅಲ್ಲ, ಕೂದಲು ನೆರೆತಿದೆ.

"250 ಆಗ್ತದೆ ಅಕ್ಕಾ" ಅಂದ.

"ಆರು ಕಿಲೋಮೀಟರಿಗಾ? ಜಾಸ್ತಿ ಆಯ್ತಲ್ಲೋ ಮಾರಾಯ."

"ಎಂಥ ಮಾಡದು ಅಕ್ಕಾ, ಬರುವಾಗ ಖಾಲಿ ಬರಬೇಕಲ್ಲ."

ಬ್ಯಾಗು ಒಳಗಿಟ್ಟು ಕೂತೆ. ಕುಲುಕಾಟದಲ್ಲೇ ಮೊಬೈಲಿನ ಬೆಳಕು ಹಿಡಿದು ನೋಟ್‌ಬುಕ್ ತೆಗೆದೆ. ಮೆಜೆಸ್ಟಿಕ್ಕಿನಿಂದ ಜಯಪುರಕ್ಕೆ 0, ಬೇರೆ ಖಾತೆ. ಜಯಪುರದಿಂದ ಮನೆಗೆ 250. ದಣಪೆಯ ಹತ್ತಿರ ಅವನು ಎರಡು ಸಲ ಹಾರನ್ ಹೊಡೆದ. ಒಳಗೆ ಅಮ್ಮ ದೀಪ ಹಾಕಿದಳು.